ಎಚ್‌ಎಫ್-24 ಮರುತ್: ನಕ್ಷೆಯ ರೆಕ್ಕೆ 23 ಸೆಂಟಿಮೀಟರ್ ಹೆಚ್ಚು ಬರುತ್ತಿದೆ, ಯಾವುದನ್ನು ನಂಬಲಿ?

ಮೋಡದಂಚು

ಫ್ಲೈಟ್‌ಗೇರ್ ಸಿಮ್ಯುಲೇಟರ್‌ಗಾಗಿ ಮರುತ್ ಯುದ್ಧವಿಮಾನದ ಮಾದರಿಯನ್ನು ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರಣ ತಂತ್ರಾಂಶದಲ್ಲಿ ಕಟ್ಟುತ್ತಿದ್ದೇನೆ. ಬೆಂಗಳೂರಿನಲ್ಲೇ ರೂಪುಗೊಂಡು, ಇಲ್ಲೇ ತಯಾರಾಗಿ, 1961ರ ಜೂನ್ 17ರಂದು ಮೊದಲು ಹಾರಿದ ವಿಮಾನ. ಸ್ಪಿಟ್‌ಫೈರ್‌ಗೆ ಮಾದರಿಗಳು ರಾಶಿ ರಾಶಿ ಸಿಗುತ್ತವೆ, ಇದಕ್ಕೆ ಮನಸ್ಸಿಗೆ ಒಪ್ಪುವಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಕೈಯಲ್ಲಿರುವುದು ಹಳೆಯ ಪತ್ರಿಕೆಯೊಂದರ ಮೂರು ನೋಟಗಳ ನಕ್ಷೆ, ಯಾರೋ ಸ್ಕ್ಯಾನ್ ಮಾಡಿ ಹಂಚಿದ್ದು. ಪ್ರಕಟಿತ ಅಳತೆಗಳು ಹೀಗಿವೆ: ಉದ್ದ 15.87 ಮೀಟರ್, ರೆಕ್ಕೆಯ ಹರವು 9.00, ಎತ್ತರ 3.60, ರೆಕ್ಕೆಯ ವಿಸ್ತೀರ್ಣ 28 ಚದರ ಮೀಟರ್. ನಕ್ಷೆಯಲ್ಲಿ ಮೂತಿಯಿಂದ ಬಾಲದ ತುದಿಯವರೆಗೆ 3,174 ಪಿಕ್ಸೆಲ್ ಇದೆ. ಅಂದರೆ ಮೀಟರಿಗೆ ಸರಿಯಾಗಿ 200. ಆ ಲೆಕ್ಕದಲ್ಲಿ ರೆಕ್ಕೆಯ ಹರವು 1,800 ಪಿಕ್ಸೆಲ್ ಇರಬೇಕು; ಅಳೆದರೆ 1,846. ಎತ್ತರ 720ರ ಬದಲು 756. ಒಂದೇ ಹಾಳೆಯ ಮೂರು ನೋಟಗಳು ಒಂದಕ್ಕೊಂದು ಹೊಂದುತ್ತಿಲ್ಲ. ಇದರ ಜೊತೆಗೆ ಅಂತರ್ಜಾಲದಿಂದ ಕೂಡಿಸಿದ ಫೋಟೊಗಳು ಬೇಕಾದಷ್ಟಿವೆ. ಅವುಗಳಲ್ಲಿ ಯಾವುದು ಅಳತೆಗೆ ಬರುತ್ತದೆ, ಯಾವುದು ಬರೀ ನೋಡಿ ಸಂತೋಷಪಡುವುದಕ್ಕೆ?

ಗಾಳಿಪಟ

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ನೋಟವನ್ನು ಕುಗ್ಗಿಸಿ 9 ಮೀಟರಿಗೆ ಕೂರಿಸಿ, ಮುಂದೆ ಹೋಗಿ. ಹತ್ತು ಸಾವಿರ ಅಡಿಯಲ್ಲಿ ಹಾರುವಾಗ 23 ಸೆಂಟಿಮೀಟರ್ ಯಾರ ಕಣ್ಣಿಗೆ ಬೀಳುತ್ತದೆ?

ನಕ್ಷೆಮನೆ

ಗಾಳಿಪಟ ಅವರೇ, ಹಾಗೆ ಇಡೀ ನೋಟವನ್ನೇ ಕುಗ್ಗಿಸಿದರೆ ಅದರ ಉದ್ದವೂ ಕುಗ್ಗುತ್ತದೆ. ರೆಕ್ಕೆ 9.00ಕ್ಕೆ ಬಂದಾಗ ಒಡಲು 15.47ಕ್ಕೆ ಇಳಿದಿರುತ್ತದೆ. ಆಮೇಲೆ ಪಕ್ಕದ ನೋಟಕ್ಕೂ ಮೇಲಿನ ನೋಟಕ್ಕೂ 40 ಸೆಂಟಿಮೀಟರ್ ಜಗಳ. ಕಾಕ್‌ಪಿಟ್ ಒಂದು ಕಡೆ, ರೆಕ್ಕೆಯ ಬುಡ ಇನ್ನೊಂದು ಕಡೆ.

ಮೋಡದಂಚು, ಮೊದಲು ಒಂದು ಪರೀಕ್ಷೆ ಮಾಡಿ. ನಕ್ಷೆಯಲ್ಲಿ ವಾಯುಪಡೆಯ ವೃತ್ತಾಕಾರದ ಲಾಂಛನ ಇರಬೇಕಲ್ಲವೇ? ಅದನ್ನು ಬರೆದವನು ಕೈವಾರದಿಂದಲೇ ಬರೆದಿರುತ್ತಾನೆ. ಹಾಗಾಗಿ ಅದರ ಅಗಲ, ಎತ್ತರ ಎರಡೂ ಒಂದೇ ಇರಬೇಕು. ಅಳೆದು ಹೇಳಿ. ಚಕ್ರಗಳನ್ನೂ ಅಳೆಯಿರಿ, ಆದರೆ ಅವು ಚಿಕ್ಕವು, ಗೆರೆಯ ದಪ್ಪವೇ ಅಳತೆಯನ್ನು ಕೆಡಿಸುತ್ತದೆ. ಲಾಂಛನವೇ ಮೇಲು.

ಮೋಡದಂಚು

ಅಳೆದೆ ಸರ್. ರೆಕ್ಕೆಯ ಮೇಲಿನ ಲಾಂಛನ ಮೂತಿ-ಬಾಲದ ದಿಕ್ಕಿನಲ್ಲಿ 156 ಪಿಕ್ಸೆಲ್, ಹರವಿನ ದಿಕ್ಕಿನಲ್ಲಿ 160. ಒಡಲಿನ ಪಕ್ಕದಲ್ಲಿರುವುದರಲ್ಲೂ ಅದೇ ಪ್ರಮಾಣ.

ನಕ್ಷೆಮನೆ

ಅಲ್ಲಿಗೆ ಕಳ್ಳ ಸಿಕ್ಕ. 160ನ್ನು 156ರಿಂದ ಭಾಗಿಸಿದರೆ 1.0256. ನಿಮ್ಮ 1,846ನ್ನು ಅದರಿಂದ ಭಾಗಿಸಿ ನೋಡಿ, 1,800 ಬರುತ್ತದೆ. ನಕ್ಷೆ ಬರೆದವನದು ತಪ್ಪಲ್ಲ. ಹಾಳೆಯನ್ನು ಉರುಳೆಗಳ ನಡುವೆ ಎಳೆದುಕೊಳ್ಳುವ ಸ್ಕ್ಯಾನರ್‌ನಲ್ಲಿ ಹಾಕಿದ್ದಾರೆ. ಅಂಥ ಯಂತ್ರದಲ್ಲಿ ಹಾಳೆ ಸಾಗುವ ದಿಕ್ಕಿನಲ್ಲಿ ಮಾತ್ರ ಚಿತ್ರ ಹಿಗ್ಗುವುದೋ ಕುಗ್ಗುವುದೋ ಆಗುತ್ತದೆ. ಆ ಒಂದು ದಿಕ್ಕನ್ನಷ್ಟೇ ಸರಿಪಡಿಸಿ. ಮೂರೂ ನೋಟಗಳನ್ನು ಬೇರೆ ಬೇರೆ ಕತ್ತರಿಸುವ ಮುಂಚೆ, ಇಡೀ ಹಾಳೆಗೆ ಒಟ್ಟಿಗೇ ಮಾಡಿ.

ಇನ್ನೊಂದು ಮಾತು. ಅಳತೆಗೆ ಉದ್ದವನ್ನು ಆಧಾರ ಮಾಡಿಕೊಂಡಿದ್ದೀರಿ. ನಾನಾದರೆ ಹರವಿನಿಂದ ಶುರುಮಾಡುತ್ತಿದ್ದೆ. ಪ್ರಕಟಿತ ಉದ್ದದಲ್ಲಿ ಮೂತಿಯಲ್ಲಿರುವ, ವೇಗ ಅಳೆಯುವ ಪಿಟೊ ಕೊಳವೆ ಸೇರಿದೆಯೋ ಇಲ್ಲವೋ ಎಂಬ ಗೊಂದಲ ಪ್ರತಿಯೊಂದು ಜೆಟ್ ವಿಮಾನಕ್ಕೂ ಇರುತ್ತದೆ. ಒಂದು ಪುಸ್ತಕ ಸೇರಿಸಿ ಬರೆದರೆ ಇನ್ನೊಂದು ಬಿಟ್ಟು ಬರೆಯುತ್ತದೆ, ಎರಡೂ ಅದನ್ನು ಹೇಳುವುದಿಲ್ಲ. ರೆಕ್ಕೆಯ ಹರವಿಗೆ ಅಂಥ ತಕರಾರು ಕಡಿಮೆ. ಇಲ್ಲಿ ಹರವೂ ಉದ್ದವೂ ಒಂದನ್ನೊಂದು ಒಪ್ಪಿಕೊಂಡಿರುವುದರಿಂದ ನೀವು ಬಚಾವ್.

ಮೋಡದಂಚು

ಹರವು ಸರಿಹೋಯಿತು! ಎತ್ತರ ಮಾತ್ರ ಇನ್ನೂ 737 ಪಿಕ್ಸೆಲ್, ಅಂದರೆ 3.69 ಮೀಟರ್. 9 ಸೆಂಟಿಮೀಟರ್ ಉಳಿದುಕೊಂಡಿದೆ. ಬಾಲದ ಮೇಲೆ ನೆಟ್ಟಗೆ ನಿಂತ ಫಿನ್ ಅನ್ನು ಕತ್ತರಿಸಲೇ?

ನಕ್ಷೆಮನೆ

ಫಿನ್ ಮುಟ್ಟಬೇಡಿ! ಚಕ್ರದ ಕಾಲು ನೋಡಿ. ಅದರೊಳಗೆ ಎಣ್ಣೆ ಮತ್ತು ಗಾಳಿ ತುಂಬಿದ ಒತ್ತುಕೊಳವೆ ಇರುತ್ತದೆ. ವಿಮಾನ ನೆಲದ ಮೇಲೆ ನಿಂತಾಗ ಭಾರಕ್ಕೆ ಕುಗ್ಗುತ್ತದೆ, ಹಾರುವಾಗ ಪೂರ್ತಿ ಚಾಚುತ್ತದೆ. ಪ್ರಕಟಿತ ಎತ್ತರ ನೆಲದ ಮೇಲಿನದು. ನಕ್ಷೆಕಾರರು ಎಷ್ಟೋ ಸಲ ಚಾಚಿದ ಕಾಲನ್ನೇ ಬರೆದಿರುತ್ತಾರೆ. ಒಡಲಿನ ನಡುಗೆರೆಯಿಂದ ಫಿನ್ ತುದಿಗೆ ಎಷ್ಟಿದೆ ಎಂದು ನಕ್ಷೆಯಲ್ಲೊಮ್ಮೆ, ಪಕ್ಕದಿಂದ ತೆಗೆದ ಒಳ್ಳೆಯ ಫೋಟೊದಲ್ಲೊಮ್ಮೆ ಉದ್ದಕ್ಕೆ ಹೋಲಿಸಿ ನೋಡಿ. ಅದು ಹೊಂದಿದರೆ 9 ಸೆಂಟಿಮೀಟರ್ ಇರುವುದು ಕಾಲಿನಲ್ಲೇ.

ಕೆಂಪುದೀಪ

ಸಿಮ್ಯುಲೇಟರ್ ಕಡೆಯಿಂದ ಒಂದು ಸೇರ್ಪಡೆ. ಆ ಕಾಲನ್ನು ಹೇಗಿದ್ದರೂ ಚಾಚಿದ ಸ್ಥಿತಿಯಲ್ಲೇ ಕಟ್ಟಬೇಕು. ಎಷ್ಟು ಕುಗ್ಗಿದೆ ಎಂಬ ಬೆಲೆಯನ್ನು ಹಾರಾಟದ ಗಣಿತವೇ ಕ್ಷಣಕ್ಷಣಕ್ಕೂ ಕೊಡುತ್ತದೆ, ಚಲನೆಯನ್ನು ಅದಕ್ಕೆ ಕಟ್ಟುತ್ತೇವೆ. ನಿಂತ ಸ್ಥಿತಿಯಲ್ಲಿ ಕಟ್ಟಿ ಮತ್ತೆ ಕುಗ್ಗಿಸಿದರೆ ಚಕ್ರ ರನ್‌ವೇ ಮುಟ್ಟದೆ ಮೇಲೆ ತೇಲುತ್ತದೆ. ನಿಮ್ಮ ನಕ್ಷೆ ನಿಮಗೆ ಉಪಕಾರವನ್ನೇ ಮಾಡಿದೆ.

ಹಾಗೆಯೇ ಈಗಲೇ ಅಕ್ಷಗಳನ್ನು ನಿರ್ಧರಿಸಿಕೊಳ್ಳಿ. ಫ್ಲೈಟ್‌ಗೇರ್‌ನ ಮೂರು ಆಯಾಮದ ಮಾದರಿಯಲ್ಲಿ ಎಕ್ಸ್ ಅಕ್ಷ ಹಿಂದಕ್ಕೆ, ವೈ ಬಲಕ್ಕೆ, ಝಡ್ ಮೇಲಕ್ಕೆ, ಎಲ್ಲವೂ ಮೀಟರ್‌ನಲ್ಲಿ. ಹಾರಾಟದ ಗಣಿತಕ್ಕೆ ಅದರಲ್ಲಿ ಜೆಎಸ್‌ಬಿಸಿಮ್, ವೈಎಸಿಮ್ ಎಂಬ ಎರಡು ಆಯ್ಕೆಗಳಿವೆ. ಜೆಎಸ್‌ಬಿಸಿಮ್ ದಿಕ್ಕುಗಳೂ ಅವೇ, ಆದರೆ ಸಾಮಾನ್ಯವಾಗಿ ಬಳಸುವುದು ಇಂಚು. ವೈಎಸಿಮ್ ಆರಿಸಿದರೆ ಎಕ್ಸ್ ಮುಂದಕ್ಕೆ, ವೈ ಎಡಕ್ಕೆ. ಮೂತಿಯ ತುದಿಯನ್ನೇ ಸೊನ್ನೆ ಬಿಂದು ಮಾಡಿಕೊಂಡರೆ ಮೂರಕ್ಕೂ ಲೆಕ್ಕ ಸುಲಭ.

ಬೆಳಕಿಂಡಿ

ಫೋಟೊ ವಿಷಯ ನನ್ನದು, ವೃತ್ತಿಯೂ ಅದೇ. ಇಲ್ಲಿ ಎಲ್ಲರೂ ಉದ್ದನೆಯ ಲೆನ್ಸ್ ಬಳಸಿ ಎಂದು ಹೇಳಿ ನಿಲ್ಲಿಸುತ್ತಾರೆ. ಲೆನ್ಸ್ ಅಲ್ಲ, ಮುಖ್ಯವಾದದ್ದು ದೂರ. ದೂರ ನಿಂತಾಗ ವಿಮಾನ ಚೌಕಟ್ಟು ತುಂಬಬೇಕಾದ್ದರಿಂದ ಉದ್ದನೆಯ ಲೆನ್ಸ್ ಬೇಕಾಗುತ್ತದೆ, ಅಷ್ಟೆ.

ಮರುತ್‌ನ ಲೆಕ್ಕವನ್ನೇ ಹಾಕೋಣ. ಪಕ್ಕದಿಂದ, ಒಡಲಿನ ನಡುಗೆರೆಯಿಂದ 20 ಮೀಟರ್ ದೂರದಲ್ಲಿ ನಿಂತಿದ್ದೀರಿ. ಹತ್ತಿರದ ರೆಕ್ಕೆಯ ತುದಿ ನಿಮ್ಮಿಂದ 15.5 ಮೀಟರ್, ಆಚೆಯದು 24.5. ಹತ್ತಿರದ ತುದಿ ಆಚೆಯದಕ್ಕಿಂತ 1.58 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದೇ 100 ಮೀಟರ್‌ಗೆ ಹೋಗಿ: 95.5 ಮತ್ತು 104.5. ಆಗಲೂ ಶೇ 9ರಷ್ಟು ವ್ಯತ್ಯಾಸ. ಬೆಂಗಳೂರಿನಲ್ಲಿ 100 ಮೀಟರ್ ಹಿಂದೆ ಸರಿದರೆ ನೀವು ರಸ್ತೆಯಾಚೆಯ ಬಸ್ಸಿನೊಳಗೆ ಇರುತ್ತೀರಿ.

ಆದರೆ ಬೇಸರ ಬೇಡ. ಕ್ಯಾಮೆರಾದ ಸಂವೇದಕಕ್ಕೆ ಸಮಾನಾಂತರವಾದ ಒಂದು ಸಮತಲದಲ್ಲಿರುವ ವಸ್ತುಗಳೆಲ್ಲ ಒಂದೇ ಪ್ರಮಾಣದಲ್ಲಿ ಮೂಡುತ್ತವೆ, ಅವು ಎಷ್ಟೇ ಅಂಚಿನಲ್ಲಿದ್ದರೂ. ಹಾಗಾಗಿ ಕ್ಯಾಮೆರಾವನ್ನು ವಿಮಾನದ ನಡುಗೆರೆಗೆ ನೇರ ಎದುರಾಗಿ ಹಿಡಿದು, ಲೆನ್ಸಿನ ವಕ್ರತೆಯನ್ನು ತಂತ್ರಾಂಶದಲ್ಲಿ ತೆಗೆದ ಮೇಲೆ, ನಡುಗೆರೆಯ ಸಮತಲದಲ್ಲಿರುವ ಫಿನ್, ಮೂತಿಯ ತುದಿ, ಮೂತಿಯ ಚಕ್ರ ಇವುಗಳನ್ನು 20 ಮೀಟರ್‌ನಿಂದಲೂ ನಂಬಬಹುದು. ಹತ್ತಿರದ ರೆಕ್ಕೆ, ಹತ್ತಿರದ ಚಕ್ರ, ಒಡಲಿನ ಉಬ್ಬು ಇವುಗಳನ್ನು ಅದೇ ಫೋಟೊದಲ್ಲಿ ಅಳೆಯಕೂಡದು.

ಒಂದು ಸೂಕ್ಷ್ಮವಾದ ಬಲೆ ಬೆನ್ನಿನ ಗೆರೆಯಲ್ಲಿದೆ. ನೀವು ನೆಲದಲ್ಲಿ ನಿಂತು ಕಣ್ಣಿನೆತ್ತರದಲ್ಲಿ ಫೋಟೊ ತೆಗೆಯುತ್ತೀರಿ, ಒಡಲಿನ ಬೆನ್ನು ಅದಕ್ಕಿಂತ ಮೇಲಿರುತ್ತದೆ. ಕೆಳಗಿನಿಂದ ನೋಡುವವರಿಗೆ ಕಾಣುವ ಅಂಚು ಬೆನ್ನಿನ ನಿಜವಾದ ತುದಿಯಲ್ಲ, ನಿಮ್ಮ ಕಡೆಗಿರುವ ಭುಜ. ಅದನ್ನೇ ಗೆರೆ ಎಳೆದರೆ ವಿಮಾನದ ಬೆನ್ನು ಇರುವುದಕ್ಕಿಂತ ಎತ್ತರವಾಗಿ ಬರುತ್ತದೆ.

ಮೋಡದಂಚು

ಮೇಡಂ, ಇದನ್ನು ಯಾರೂ ಹೇಳಿರಲಿಲ್ಲ. ಕ್ಯಾಮೆರಾ ಎಲ್ಲಿತ್ತೆಂದೇ ತಿಳಿಯದ ಹಳೆಯ ಕಪ್ಪುಬಿಳುಪು ಫೋಟೊಗಳನ್ನು ಏನು ಮಾಡುವುದು?

ಬೆಳಕಿಂಡಿ

ಎಫ್‌ಸ್ಪೈ ಎಂಬ ಉಚಿತ ತಂತ್ರಾಂಶ ಇದೆ. ಚಿತ್ರದಲ್ಲಿ ನಿಜವಾಗಿ ಸಮಾನಾಂತರವಾಗಿರುವ ಗೆರೆಗಳನ್ನು ನಾವು ತೋರಿಸಿದರೆ, ಅವು ಕೂಡುವ ಬಿಂದುಗಳಿಂದ ಕ್ಯಾಮೆರಾದ ಸ್ಥಾನ, ಕೋನ, ಲೆನ್ಸಿನ ಉದ್ದ ಎಲ್ಲವನ್ನೂ ಲೆಕ್ಕಹಾಕುತ್ತದೆ. ಬ್ಲೆಂಡರ್‌ಗೆ ತಂದರೆ ಆ ಛಾಯಾಗ್ರಾಹಕ ನಿಂತಲ್ಲೇ ನಿಮ್ಮ ಕ್ಯಾಮೆರಾವೂ ನಿಲ್ಲುತ್ತದೆ. ವಿಮಾನದಲ್ಲಿ ನೇರ ಗೆರೆಗಳು ಕಡಿಮೆ, ಆದ್ದರಿಂದ ನೆಲ ನೋಡಿ. ವಿಮಾನ ನಿಲ್ಲಿಸುವ ಕಾಂಕ್ರೀಟ್ ಅಂಗಳದ ಚೌಕಗಳ ನಡುವಿನ ಬಿರುಕುಗೆರೆಗಳು, ಹಿಂದಿರುವ ಹ್ಯಾಂಗರ್‌ನ ಬಾಗಿಲು, ಇವೇ ಸಾಕು. ಕತ್ತರಿಸಿದ ಫೋಟೊ ಮಾತ್ರ ಬೇಡ. ಚೌಕಟ್ಟಿನ ನಡುಬಿಂದು ಬದಲಾದರೆ ಲೆಕ್ಕವೆಲ್ಲ ಕೆಡುತ್ತದೆ, ಪತ್ರಿಕೆಯಲ್ಲಿ ಅಚ್ಚಾದವು ಬಹುಪಾಲು ಕತ್ತರಿಸಿದವೇ.

ತುಂಗಾತೀರ

ಇಷ್ಟೆಲ್ಲ ಏಕೆ? ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮರುತ್ ನಿಂತಿದೆ. ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಪರಂಪರೆ ಕೇಂದ್ರದಲ್ಲೂ ಇದೆ. ಸುತ್ತ ನಡೆದು ಒಂದಕ್ಕೊಂದು ಮುಕ್ಕಾಲು ಪಾಲು ಅತಿಕ್ರಮಿಸುವಂತೆ ಫೋಟೊ ತೆಗೆದು, ಫೋಟೊಗಳಿಂದ ಮೂರು ಆಯಾಮದ ಆಕಾರ ಕಟ್ಟುವ ಮೆಶ್‌ರೂಮ್ ತಂತ್ರಾಂಶಕ್ಕೆ ಹಾಕಿ. ತಂತ್ರಾಂಶವೇ ಆಕಾರ ಕಟ್ಟಿಕೊಡುತ್ತದೆ. 1960ರ ದಶಕದ ನಕ್ಷೆಯ ಹಿಂದೆ ಬೀಳುವ ಅಗತ್ಯವೇ ಇಲ್ಲ.

ನಕ್ಷೆಮನೆ

ಇಲ್ಲ, ಇದನ್ನು ನಾನು ಒಪ್ಪುವುದಿಲ್ಲ. ಬಯಲಲ್ಲಿ ವರ್ಷಗಟ್ಟಲೆ ನಿಂತ ವಿಮಾನ ಹಾರುತ್ತಿದ್ದ ವಿಮಾನವಲ್ಲ. ಟೈರು ಚಪ್ಪಟೆಯಾಗಿರುತ್ತದೆ, ಒತ್ತುಕೊಳವೆಯಲ್ಲಿ ಗಾಳಿ ಇಳಿದಿರುತ್ತದೆ, ಹೈಡ್ರಾಲಿಕ್ ಒತ್ತಡವಿಲ್ಲದೆ ಚಲಿಸುವ ಪಟ್ಟಿಗಳು ಜೋತಿರುತ್ತವೆ. ಪಿಟೊ, ಆಂಟೆನಾ, ಸಣ್ಣಪುಟ್ಟ ಮುಚ್ಚಳಗಳು ಹೋಗಿರುತ್ತವೆ, ಬಣ್ಣ ಮತ್ತೆ ಮತ್ತೆ ಬಳಿದು ಫಲಕಗಳ ನಡುವಿನ ಗೆರೆಗಳೇ ಮುಚ್ಚಿಹೋಗಿರುತ್ತವೆ. ನೀವು ಕಟ್ಟುವುದು 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಮೇಲೆ ಹಾರಿದ ಮರುತ್ ಆದರೆ, ಅಂಗಳದಲ್ಲಿರುವುದು ಅದರ ದೇಹ ಮಾತ್ರ.

ತುಂಗಾತೀರ

ದೇಹದ ಅಳತೆ ತಾನೇ ಬೇಕಾಗಿರುವುದು ಸರ್! ಟೈರು ಚಪ್ಪಟೆಯಾದರೆ ಒಡಲಿನ ಅಡ್ಡಛೇದ ಬದಲಾಗುತ್ತದೆಯೇ? ನಿಮ್ಮ ಮೂರು ನೋಟಗಳ ನಕ್ಷೆ ಹೊರಗೆರೆಯನ್ನಷ್ಟೇ ಹೇಳುತ್ತದೆ. ಮೇಲಿನಿಂದ ಅಗಲ, ಪಕ್ಕದಿಂದ ಎತ್ತರ. ಆ ಎರಡರ ನಡುವೆ ಒಡಲು ಮೊಟ್ಟೆಯಂತಿದೆಯೋ, ಪೆಟ್ಟಿಗೆಯಂತಿದೆಯೋ, ಮೂಲೆಗಳು ಎಷ್ಟು ದುಂಡಗಿವೆಯೋ ನಕ್ಷೆಯಲ್ಲಿ ಎಲ್ಲಿದೆ? ಅದರಲ್ಲೂ ಇದು ಏರಿಯಾ ರೂಲ್ ಪ್ರಕಾರ ರೆಕ್ಕೆಯ ಬಳಿ ಸೊಂಟ ಕಿರಿದಾಗಿಸಿದ ಒಡಲು. ಎದುರಿನ ನೋಟವೊಂದರಿಂದ ಅದು ಸಿಗುವುದಿಲ್ಲ.

ನಕ್ಷೆಮನೆ

ಆ ಮಾತಿಗೆ ತಲೆಬಾಗಿದೆ. ಕಾರ್ಖಾನೆಯಲ್ಲಿ ನಾವು ಹೊರಗೆರೆಯಿಂದ ಕೆಲಸ ಮಾಡುತ್ತಿರಲಿಲ್ಲ. ಒಡಲಿನ ಉದ್ದಕ್ಕೂ ಜಾಗ ಗುರುತಿಸುವ ನಿಲ್ದಾಣ ಸಂಖ್ಯೆಗಳಿರುತ್ತವೆ, ಒಂದೊಂದು ನಿಲ್ದಾಣದಲ್ಲೂ ಒಂದೊಂದು ಚೌಕಟ್ಟು, ಅದರ ಅಡ್ಡಛೇದವೇ ಆಕಾರದ ಮೂಲ. ಪತ್ರಿಕೆಯ ನಕ್ಷೆಗಳಲ್ಲಿ ಆ ಅಡ್ಡಛೇದಗಳನ್ನು ಜಾಗ ಉಳಿಸಲು ಕೈಬಿಡುತ್ತಾರೆ, ಅಥವಾ ಊಹಿಸಿ ಬರೆಯುತ್ತಾರೆ. ಒಬ್ಬನ ಊಹೆಯನ್ನು ಮುಂದಿನ ಹತ್ತು ಜನ ನಕಲು ಮಾಡುತ್ತಾರೆ. ಹತ್ತು ನಕ್ಷೆಗಳು ಒಂದೇ ರೀತಿ ಇವೆ ಎಂದ ಮಾತ್ರಕ್ಕೆ ಅದು ಹತ್ತು ಸಾಕ್ಷಿಯಲ್ಲ.

ಆದರೆ ಮೆಶ್‌ರೂಮ್ ಕೊಡುವ ಬಿಂದುಗೆರೆಗಳ ಜಾಲವನ್ನೇ (ಮೆಶ್) ಮಾದರಿ ಎಂದುಕೊಳ್ಳಬೇಡಿ. ಹೊಳೆಯುವ ಮೇಲ್ಮೈಯಲ್ಲಿ ಆಕಾಶದ ಬಿಂಬವೇ ಚಲಿಸುವುದರಿಂದ ತಂತ್ರಾಂಶ ಅದನ್ನು ಗುಂಡಿ ಎಂದು ತಿಳಿಯುತ್ತದೆ. ಕಾಕ್‌ಪಿಟ್ ಮೇಲಿನ ಕ್ಯಾನಪಿಯ ಗಾಜು ಕರಗಿದ ಮೇಣದಂತೆ ಬರುತ್ತದೆ. ರೆಕ್ಕೆಯ ಮೇಲ್ಭಾಗ ನೆಲದಿಂದ ಕಾಣುವುದೇ ಇಲ್ಲ.

ಬೆಳಕಿಂಡಿ

ಮೋಡ ಕವಿದ ದಿನ ಹೋಗಿ, ಬಿಂಬ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಬೆಂಗಳೂರಿನ ಜುಲೈ, ಆಗಸ್ಟ್ ಇದಕ್ಕೆಂದೇ ಮಾಡಿದಂತಿವೆ. ಬೇಲಿ ದಾಟುವ, ಮುಟ್ಟುವ ಕೆಲಸ ಬೇಡ. ಲೇಸರ್ ಅಳತೆಗೋಲು ಬಳಸುವುದಾದರೆ ಸಿಬ್ಬಂದಿಯನ್ನು ಮೊದಲೇ ಕೇಳಿ. ಡ್ರೋನ್ ಯೋಚನೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಇಸಾರ್‌ದಂಡೆ

ಮ್ಯೂನಿಕ್‌ನಿಂದ ನಮಸ್ಕಾರ. ಇಲ್ಲಿಗೆ ಸಮೀಪದ ಓಬರ್‌ಶ್ಲೈಸ್‌ಹೈಮ್‌ನಲ್ಲಿ ಡಾಯ್ಚಸ್ ಮ್ಯೂಸಿಯಂನ ವಿಮಾನ ಶಾಖೆ ಇದೆ, ಅಲ್ಲೊಂದು ಮರುತ್ ಸೂರಿನಡಿಯಲ್ಲಿದೆ. ಇದರ ವಿನ್ಯಾಸದ ಮುಂದಾಳು ಕುರ್ಟ್ ಟ್ಯಾಂಕ್ ಜರ್ಮನಿಯವರಲ್ಲವೇ, ಆ ನಂಟಿನಿಂದ ಇಲ್ಲಿ ನಿಂತಿದೆ. ಎರಡನೆಯ ಮಹಾಯುದ್ಧದ ಫೋಕೆ-ವುಲ್ಫ್ 190 ಅವರದೇ; 1956ರಲ್ಲಿ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಒಳಾಂಗಣವಾದ್ದರಿಂದ ಆಕಾಶದ ಬಿಂಬದ ಕಾಟವಿಲ್ಲ. ವಾರಾಂತ್ಯದಲ್ಲಿ ಹೋಗುತ್ತೇನೆ. ಏನೇನು ತೆಗೆಯಲಿ?

ನಕ್ಷೆಮನೆ

ಒಡಲಿನ ಅಡ್ಡಕ್ಕೆ ಸುತ್ತಿಕೊಂಡು ಹೋಗುವ ಯಾವುದೇ ಗೆರೆ ಸಿಕ್ಕರೆ ಅದೇ ಚಿನ್ನ. ಫಲಕದ ಜೋಡಣೆಯ ಗೆರೆ, ರಿವೆಟ್ ಸಾಲು, ಲಾಂಛನದ ಬಣ್ಣದ ಅಂಚು, ಯಾವುದಾದರೂ ಸರಿ. ಅಂಥ ಗೆರೆಯನ್ನು ಓರೆಯಾಗಿ, ಮುಂದಿನಿಂದಲೂ ಹಿಂದಿನಿಂದಲೂ ತೆಗೆದರೆ ಅದರ ಬಾಗಿನಿಂದಲೇ ಅಡ್ಡಛೇದದ ದುಂಡು ತಿಳಿಯುತ್ತದೆ. ಆಮೇಲೆ ಒಡಲಿನಡಿ ಕುಳಿತು ಹೊಟ್ಟೆಯ ಭಾಗ, ಅದನ್ನು ಯಾರೂ ತೆಗೆಯುವುದಿಲ್ಲ. ಮೂತಿಯ ಚಕ್ರದ ಹಿಂದೆ ಫ್ರಾನ್ಸಿನ ಮಾತ್ರಾ ಕಂಪನಿಯ ರಾಕೆಟ್‌ಗಳ ಮಡಚುವ ಪೆಟ್ಟಿಗೆಯ ಜಾಗವಿದೆ, ಅದು ಬೇಕೇ ಬೇಕು. ಎರಡು ಆಸನದ ತರಬೇತಿ ಮಾದರಿಯಲ್ಲಿ ಆ ಜಾಗವನ್ನೇ ಹಿಂದಿನ ಆಸನಕ್ಕೆ ಬಿಟ್ಟುಕೊಡಲಾಗಿತ್ತು, ಹಾಗಾಗಿ ಫೋಟೊಗಳನ್ನು ಬೆರೆಸಿಬಿಡಬೇಡಿ. ಮೂತಿಯ ಇಕ್ಕೆಲದಲ್ಲಿ ಎರಡೆರಡು 30 ಮಿಲಿಮೀಟರ್ ಏಡನ್ ತೋಪುಗಳ ಬಾಯಿ. ಚಕ್ರ ಮಡಚುವ ಗೂಡಿನ ಒಳಗೆ ಕೈ ಚಾಚಿ ಫ್ಲಾಶ್ ಹಾಕಿ ತೆಗೆಯಿರಿ, ಕಾವಲುಗಾರ ಒಪ್ಪಿದರೆ.

ಗಾಳಿಪಟ

ಮತ್ತೆ ಅದೇ ಕೇಳುತ್ತೇನೆ, ರಿವೆಟ್ ಎಣಿಸಿದರೆ ವಿಮಾನ ಚೆನ್ನಾಗಿ ಹಾರುತ್ತದೆಯೇ?

ಕೆಂಪುದೀಪ

ರಿವೆಟ್‌ನಿಂದ ಹಾರುವುದಿಲ್ಲ, ರೆಕ್ಕೆಯ ಆಕಾರದಿಂದ ಹಾರುತ್ತದೆ. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್‌ನಲ್ಲಂತೂ ರೆಕ್ಕೆಯನ್ನು ತುಂಡುತುಂಡಾಗಿ ತೆಗೆದುಕೊಂಡು ಪ್ರತಿ ತುಂಡಿನ ಮೇಲಿನ ಬಲವನ್ನು ಲೆಕ್ಕಹಾಕುತ್ತಾರೆ, ನೀವು ಕೊಟ್ಟ ಜ್ಯಾಮಿತಿಯೇ ಹಾರಾಟ. ಜೆಎಸ್‌ಬಿಸಿಮ್‌ನಲ್ಲಿ ಗುಣಾಂಕಗಳನ್ನು ಬೇರೆಯಾಗಿ ಕೊಡುತ್ತೇವೆ, ಆದರೂ ವಿಸ್ತೀರ್ಣ, ಹರವು, ಸರಾಸರಿ ಅಗಲ ಬೇಕು.

ಇಲ್ಲಿ ಮೋಡದಂಚು ಅವರಿಗೆ ಇನ್ನೊಂದು ಪುಕ್ಕಟೆ ಪರೀಕ್ಷೆ ಇದೆ. ಸರಿಪಡಿಸಿದ ಮೇಲಿನ ನೋಟದಲ್ಲಿ ರೆಕ್ಕೆಯ ಅಂಚುಗಳನ್ನು ಒಡಲಿನ ಒಳಗೂ ನಡುಗೆರೆಯವರೆಗೆ ಮುಂದುವರಿಸಿ ವಿಸ್ತೀರ್ಣ ತೆಗೆಯಿರಿ. 28 ಚದರ ಮೀಟರ್‌ಗೆ ಹತ್ತಿರ ಬರಬೇಕು. ಹರವು 9 ಆದ್ದರಿಂದ ಸರಾಸರಿ ಅಗಲ 3.11 ಮೀಟರ್, ಹರವನ್ನು ಆ ಅಗಲದಿಂದ ಭಾಗಿಸಿದ ಆಸ್ಪೆಕ್ಟ್ ಅನುಪಾತ 2.89. ಬಾರದಿದ್ದರೆ ಹಿಂಚಾಚಿದ ಕೋನವೋ ಬುಡದ ಅಗಲವೋ ನಕ್ಷೆಯಲ್ಲಿ ತಪ್ಪಾಗಿದೆ ಎಂದರ್ಥ.

ಈ ವಿಮಾನದ ವಿಷಯದಲ್ಲಿ ಆಕಾರ ಎಷ್ಟು ಮುಖ್ಯವಾಗಿತ್ತೆಂದರೆ, ಇಂಜಿನ್ ಹಾಕುವ ಮೊದಲೇ ಅದೇ ಅಳತೆಯ, ಅದೇ ರೆಕ್ಕೆ ಆಕೃತಿಯ ಮರದ ಗ್ಲೈಡರ್ ಒಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಎಳೆದುಕೊಂಡು ಹಾರಿಸಿದ್ದರು. ಅವರದು ನಿಜವಾದ ಸಿಮ್ಯುಲೇಟರ್!

ಮೋಡದಂಚು

ವಿಸ್ತೀರ್ಣ 27.8 ಬಂತು. ನಕ್ಷೆಯ ಮೇಲೆ ನಂಬಿಕೆ ಮರಳಿತು. ಇನ್ನೊಂದು ಅನುಮಾನ: ಫೋಟೊಗಳನ್ನು ನೇರವಾಗಿ ಮೈಬಣ್ಣದ ಚಿತ್ರವಾಗಿ ಅಂಟಿಸಬಹುದೇ?

ಕೆಂಪುದೀಪ

ಬೇರೆಯವರ ಫೋಟೊ ಆದರೆ ಬೇಡ. ನೋಡಿಕೊಂಡು ಆಕಾರ ಕಟ್ಟುವುದು ಒಂದು, ಅವರ ಚಿತ್ರದ ತುಣುಕನ್ನೇ ಕಡತದಲ್ಲಿ ಹಾಕಿ ಹಂಚುವುದು ಇನ್ನೊಂದು. ಫ್ಲೈಟ್‌ಗೇರ್‌ನ ಮೂಲ ಭಂಡಾರ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಲು ಬಿಡುವ ಜಿಪಿಎಲ್ ಪರವಾನಗಿಯಲ್ಲಿದೆ, ಅದಕ್ಕೆ ಸೇರುವ ಪ್ರತಿ ಚಿತ್ರವನ್ನೂ ಹಾಗೆ ಹಂಚಲು ನಿಮಗೆ ಹಕ್ಕಿರಬೇಕು. ಸ್ಕ್ಯಾನ್ ಮಾಡಿದ ನಕ್ಷೆಯನ್ನೂ ಕಡತದೊಳಗೆ ಬಿಡಬೇಡಿ, ಕೊನೆಗೆ ಅಳಿಸಿ. ಇಸಾರ್‌ದಂಡೆ ತಮ್ಮ ಫೋಟೊಗಳಿಗೆ ಇಲ್ಲೇ ಬರವಣಿಗೆಯಲ್ಲಿ ಅನುಮತಿ ಕೊಟ್ಟರೆ ಆ ತಲೆನೋವಿಲ್ಲ. ಅಂದಹಾಗೆ, ಫೋಟೊದಲ್ಲಿ ಬೆಳಕು ನೆರಳು ಬೆರೆತಿರುತ್ತದೆ. ಹಾಗೇ ಅಂಟಿಸಿದರೆ ಸಿಮ್ಯುಲೇಟರ್‌ನ ಸೂರ್ಯ ಎಡಕ್ಕಿದ್ದರೂ ವಿಮಾನದ ನೆರಳು ಮ್ಯೂನಿಕ್‌ನ ದೀಪದ ಪ್ರಕಾರವೇ ಬೀಳುತ್ತದೆ.

ಇಸಾರ್‌ದಂಡೆ

ಅನುಮತಿ ಇದೆ, ಹೇಗೆ ಬೇಕಾದರೂ ಬಳಸಿ. ಹೋಗಿ ಬಂದೆ, ಚಿತ್ರಗಳನ್ನು ಕತ್ತರಿಸದೆ ಮೂಲ ಗಾತ್ರದಲ್ಲೇ ಹಾಕಿದ್ದೇನೆ. ಹೊಟ್ಟೆಯ ಭಾಗಕ್ಕಾಗಿ ನೆಲದ ಮೇಲೆ ಕುಳಿತಾಗ ಒಂದು ಪುಟ್ಟ ಹುಡುಗಿ ಬಂದು ಏನು ಬಿದ್ದಿದೆ ಎಂದು ಹುಡುಕಿಕೊಡಲು ಶುರುಮಾಡಿದಳು.

ಮೋಡದಂಚು

ತುಂಬ ಉಪಕಾರವಾಯಿತು. ಈಗ ಇಂಜಿನ್‌ಗೆ ಗಾಳಿ ಎಳೆಯುವ ಬಾಯಿಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಅರ್ಧವೃತ್ತದ ತುಟಿ, ಒಳಗೆ ಅರ್ಧ ಶಂಕು. ನೇರ ಎದುರಿನಿಂದ ತೆಗೆದ ಚಿತ್ರದಲ್ಲಿ ರೆಕ್ಕೆಯ ಹರವನ್ನು 9 ಮೀಟರಿಗೆ ಹೊಂದಿಸಿದರೆ ಬಾಯಿ ತೀರಾ ಅಗಲವಾಗಿ ಬರುತ್ತಿದೆ.

ಬೆಳಕಿಂಡಿ

ಮೊದಲಿನ ದೂರದ ಲೆಕ್ಕವೇ ಇದು, ದಿಕ್ಕು ಮಾತ್ರ ಬೇರೆ. ಬಾಯಿಯ ತುಟಿ ಮುಂದಿದೆ, ರೆಕ್ಕೆಯ ತುದಿ ಬಹಳ ಹಿಂದಿದೆ. ಕ್ಯಾಮೆರಾದಿಂದ ತುಟಿ 30 ಮೀಟರ್, ತುದಿ 34 ಮೀಟರ್ ಎಂದಿಟ್ಟುಕೊಂಡರೆ ತುಟಿ ಶೇ 13ರಷ್ಟು ದೊಡ್ಡದಾಗಿ ಕಾಣುತ್ತದೆ. ಅಳತೆಗೆ ತುಟಿಯ ಸಮತಲದಲ್ಲೇ ಇರುವ ವಸ್ತು ಬೇಕು. ಮೇಲಿನ ನೋಟದಲ್ಲಿ ತುಟಿಯಿರುವ ಜಾಗದಲ್ಲಿ, ಎಡ ತುಟಿಯ ಹೊರ ಅಂಚಿನಿಂದ ಬಲ ತುಟಿಯ ಹೊರ ಅಂಚಿನವರೆಗೆ ಅಳೆದುಕೊಳ್ಳಿ. ಆ ಅಗಲಕ್ಕೆ ಎದುರಿನ ಫೋಟೊವನ್ನು ಹೊಂದಿಸಿ, ತುಟಿ ಮಾತ್ರ ಎಳೆದುಕೊಂಡು ಅದನ್ನು ಪಕ್ಕಕ್ಕಿಡಿ. ರೆಕ್ಕೆಗೆ ಅದೇ ಫೋಟೊವನ್ನು ಮತ್ತೊಮ್ಮೆ ಬೇರೆ ಪ್ರಮಾಣದಲ್ಲಿ ತನ್ನಿ.

ನಕ್ಷೆಮನೆ

ಶಂಕುವಿನ ಚೂಪು ತುಟಿಗಿಂತ ಎಷ್ಟು ಮುಂದೆ ಚಾಚಿದೆ ಎಂಬುದನ್ನು ಪಕ್ಕದ ಚಿತ್ರದಿಂದ ತೆಗೆಯಿರಿ, ಎದುರಿನದರಲ್ಲಿ ಅದು ಸಿಗದು. ತುಟಿಗೂ ಒಡಲಿಗೂ ನಡುವೆ ಒಂದು ಸಂದು ಬಿಟ್ಟಿರುತ್ತಾರೆ, ಒಡಲಿಗೆ ಅಂಟಿಕೊಂಡು ಬರುವ ಮಂದಗಾಳಿ ಇಂಜಿನ್ ಒಳಗೆ ಹೋಗದಿರಲೆಂದು. ಅದನ್ನು ಮುಚ್ಚಿಬಿಡಬೇಡಿ. ಬಾಯಿಯನ್ನು ಸುತ್ತುವ ಬಿಂದುಸಾಲುಗಳ ಸಂಖ್ಯೆಯನ್ನು ಮೊದಲೇ ಹೆಚ್ಚಿಸಬೇಡಿ. ಕಡಿಮೆ ಬಿಂದುಗಳಲ್ಲಿ ಆಕಾರ ಕೂತ ಮೇಲೆ ಹೊಳಪಿನ ಮೇಲ್ಮೈ ಹಾಕಿ ತಿರುಗಿಸಿ ನೋಡಿ. ಬೆಳಕಿನ ಪಟ್ಟಿ ತಡವರಿಸುವ ಕಡೆ ಉಬ್ಬುತಗ್ಗಿದೆ.

ಗಾಳಿಪಟ

ಸರಿ ಸರಿ, ಸೋತೆ. ಹಾರಿಸಲು ಯಾವಾಗ ಸಿಗುತ್ತದೆ?

ಮೋಡದಂಚು

ಬಾಯಿ ಮುಗಿದ ಮೇಲೆ ಕಾಕ್‌ಪಿಟ್ ಇದೆ. ಅದಕ್ಕೆ ಬೇರೆ ಎಳೆ ತೆರೆಯುತ್ತೇನೆ. ಒಳಗಿನ ಉಪಕರಣಗಳ ಸ್ಪಷ್ಟ ಫೋಟೊ ಯಾರ ಬಳಿಯಾದರೂ ಇದ್ದರೆ ಈಗಲೇ ಹುಡುಕಿಡಿ. ಪರವಾನಗಿ ಯಾವುದೆಂದು ಕೆಳಗೆ ಬರೆಯುವುದನ್ನು ಮರೆಯಬೇಡಿ.